ಗಾಜಿನ ಹಿಂದಿನ ಬೇರು

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಕಟ್ಟಿಗೆ ಕುದಿಯುವ ವಾಸನೆ ಬಂತು. ಕಟ್ಟಿಗೆ ಉರಿದರೆ ಯಾರಿಗಾದರೂ ಗೊತ್ತಾಗುತ್ತದೆ. ಕುದಿದರೆ ಗೊತ್ತಾಗುವವರು ನಮ್ಮ ರೋಣದಲ್ಲಿ ಹೆಚ್ಚು ಜನ ಇರಲಿಕ್ಕಿಲ್ಲ. ಮಳೆಯಲ್ಲಿ ನೆಂದ ಗೋಣಿಚೀಲವನ್ನು ಬಿಸಿಲಿಗೆ ಹಾಕಿದರೆ ಬರುತ್ತದಲ್ಲ, ಹೆಚ್ಚು ಕಡಿಮೆ ಹಾಗೆ. ಚಹಾ ಅಲ್ಲಿಯೇ ಬಿಟ್ಟು ಕಂಪೌಂಡಿನ ಹತ್ತಿರ ಹೋದೆ. ಶೈಲಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಹೋದ ತಿಂಗಳಷ್ಟೇ ಮನೆಗೆ ಗಾಜಿನ ಮೀನಿನ ತೊಟ್ಟಿ ತಂದಿದ್ದಾಳೆ.

“ಟೀಚರ್ರ, ಬೈಬ್ಯಾಡ್ರಿ ಮತ್ತ. ಮೀನಿಗಂತ ಕಟ್ಟಿಗಿ ಕುದಸಾಕತ್ತೀನ್ರಿ. ನಮ್ಮತ್ತಿ ನೋಡಿ, ಇವತ್ತ ಮನ್ಯಾಗ ಬ್ಯಾಳಿ ತೀರೇತೇನವಾ ಅಂತ ಕೇಳಿದ್ರು.”

ನಕ್ಕೆ. ಒಳಗೆ ಹೋಗಿ ಪಾತೇಲಿಯಲ್ಲಿದ್ದುದನ್ನು ಚಿಮಟಾದಿಂದ ಎತ್ತಿ ನೋಡಿದೆ. ಕೊಣ್ಣೂರಿನ ಸೇತುವೆಯ ಕೆಳಗೆ, ಹೊಳೆ ಇಳಿದಾಗ ಸಿಕ್ಕದ್ದಂತೆ. ಚಲೋ ತುಂಡು. ಉಗುರಿನಿಂದ ಒತ್ತಿದರೆ ಗುರುತು ಬೀಳಲಿಲ್ಲ. ತೊಗಟೆ ಉದುರಿಹೋಗಿತ್ತು, ಅಂಟು ಇರಲಿಲ್ಲ. ಮೊಳೆ, ಬಣ್ಣ ಏನೂ ಇಲ್ಲ. ಚೂಪಾದ ಒಂದೆರಡು ತುದಿಗಳನ್ನು ಉಜ್ಜಿ ಮೊಂಡು ಮಾಡಬೇಕು, ಇಲ್ಲವಾದರೆ ಮೀನು ಮೈ ಕೆರೆದುಕೊಳ್ಳುತ್ತವೆ. ನೀರಿಗೆ ಚಹಾದ ಬಣ್ಣ ಬರುವುದು ನಿಲ್ಲುವವರೆಗೆ ನೆನೆಹಾಕಿ ನೀರು ಬದಲಿಸುತ್ತಿರಬೇಕು. ತಾನಾಗಿ ತಳಕ್ಕೆ ಮುಳುಗಿದ ಮೇಲೆಯೇ ತೊಟ್ಟಿಗೆ. ಇಷ್ಟು ಹೇಳಿ, ಕೊನೆಗೆ ಮೂಗಿನ ಹತ್ತಿರ ಹಿಡಿದು ಮೂಸಿದೆ.

“ಅದೇನ ನೋಡ್ತೀರಿ ಟೀಚರ್ರ?”

“ಎಣ್ಣಿ ವಾಸನಿ ಐತೇನು ಅಂತ.”

“ಹೊಳ್ಯಾಗ ಬಂದ ಕಟ್ಟಿಗ್ಗೆ ಎಣ್ಣಿ ಎಲ್ಲಿಂದ ಬರಬೇಕ್ರಿ?”

ತುಂಡನ್ನು ಪಾತೇಲಿಗೆ ಇಳಿಬಿಟ್ಟು ಮನೆಗೆ ಬಂದೆ. ಇದನ್ನೆಲ್ಲ ಓದಿ ತಿಳಿದುಕೊಂಡಿದ್ದೇನೆ ಎಂದು ಆಕೆ ನಂಬಿದ್ದಾಳೆ, ನಂಬಲಿ. ಓದಿದ್ದೂ ಸುಳ್ಳಲ್ಲ. ಆದರೆ ನನಗೆ ಈ ವಿದ್ಯೆ ಹತ್ತಿದ್ದು ಒಂದೇ ಒಂದು ಬೇರಿನಿಂದ, ಮತ್ತು ಆ ಬೇರು ಒಂದು ದಿನವೂ ನನ್ನ ಮೀನಿನ ತೊಟ್ಟಿಯ ನೀರಿಗೆ ಇಳಿಯಲಿಲ್ಲ.

ನಮ್ಮದು ಪಿಂಜಾರರ ಮನೆತನ. ಅಪ್ಪ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಸವಡಿ ಮತ್ತು ಸುತ್ತಲಿನ ಊರುಗಳಲ್ಲಿ ಗಾದಿ ತುಂಬುತ್ತ ತಿರುಗಿದವನು. ನಮಾಜಿನ ಸಾಲುಗಳನ್ನು ಬಿಟ್ಟರೆ ಮನೆಯಲ್ಲಿ ಆಡುವುದೆಲ್ಲ ಕನ್ನಡ. ಆ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುವುದು ನನ್ನ ರೂಢಿ, ನೀವೂ ಒಮ್ಮೆ ಕೇಳಿಸಿಕೊಂಡುಬಿಡಿ. ಹಾಸ್ಟೆಲಿನ ನೀರುಸಾರು ಉಂಡು, ಒಂದೇ ಜೋಡು ಬಟ್ಟೆಯನ್ನು ಒಣಗಿಸಿ ಒಣಗಿಸಿ ಉಟ್ಟು ಮಾಡಿದ ಬಿ.ಎಸ್ಸಿ. ಆಮೇಲೆ ಬಿ.ಎಡ್., ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಿಕೆ. ಮದುವೆಯಾಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಪದವಿಯ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದೇನೆ. ಅದರ ಕೆಳಗೇ ಮೀನಿನ ತೊಟ್ಟಿ. ಶಾಲೆಯ ವಿಜ್ಞಾನ ಪ್ರದರ್ಶನ ಮುಗಿದ ಮೇಲೆ ಅದರಲ್ಲಿದ್ದ ಮೀನುಗಳಿಗೆ ವಾರಸುದಾರರೇ ಇರಲಿಲ್ಲ. ಎರಡು ದಿನ ಸ್ಟಾಫ್ ರೂಮಿನಲ್ಲಿ ನಮ್ಮ ಮುಖ ನೋಡುತ್ತ ಬಾಯಿ ತೆರೆದು ಮುಚ್ಚಿದವು. ಮೂರನೆಯ ದಿನ ಆಟೋದಲ್ಲಿ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅರ್ಧ ನೀರನ್ನು ಸೀರೆಗೆ ಚೆಲ್ಲಿಕೊಂಡು ಮನೆಗೆ ತಂದೆ.

ನಮ್ಮ ಅಕ್ಕ ದಾವಲಬಿ ಮೊದಲ ಸಲ ನೋಡಿದಾಗ ಸೊಂಟದ ಮೇಲೆ ಕೈ ಇಟ್ಟು ಮೇಲೆ ಕೆಳಗೆ ಎರಡು ಸಲ ನೋಡಿದಳು. “ಮ್ಯಾಲ ಸರ್ಟಿಪಿಕೇಟ, ಕೆಳಗ ಮೀನ. ಎರಡನ್ನೂ ಗಾಜಿನ್ಯಾಗ ಹಾಕೀಯಲ್ಲ ತಂಗಿ, ಹೊರಗ ಬಿಟ್ರ ಹಾರಿ ಹೋಗ್ತಾವೇನ?”

ಅಕ್ಕ ಓದಿದ್ದು ನಾಲ್ಕನೆಯ ಇಯತ್ತೆ. ನನ್ನನ್ನು ಕಾಲೇಜಿಗೆ ಕಳಿಸುವಾಗ ಅಪ್ಪ ಮೆತ್ತಗಾಗಿದ್ದ. ಗಟ್ಟಿಯಾಗಿ ನಿಂತು ಕಳಿಸಿದವಳು ಆಕೆ. ಆದರೆ ಅದನ್ನು ಎಂದೂ ಎತ್ತಿ ಆಡಲಿಲ್ಲ. ಆಡಿದ್ದೆಲ್ಲ ಚೇಷ್ಟೆ. ನನ್ನನ್ನು ಕರೆಯುವುದೇ “ಶಾಣ್ಯಾಕಿ” ಎಂದು. ಹೊಳೆಮಣ್ಣೂರಿನ ರಾಜೇಸಾಬನಿಗೆ ಕೊಟ್ಟಿದ್ದರು ಆಕೆಯನ್ನು. ಹೊಳೆದಂಡೆಯಲ್ಲಿ ತುಣುಕು ಹೊಲ, ಎರಡು ಎತ್ತು, ಒಬ್ಬ ಮಗ. ರಾಜೇಸಾಬ ಮಾತು ಕಡಿಮೆಯ ಮನುಷ್ಯ. ನಾನು ಹೋದಾಗಲೆಲ್ಲ, “ಏನ್ರಿ ಟೀಚರ್ರ, ಆರಾಮ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊಟ್ಟಿಗೆಗೆ ಹೋಗುತ್ತಿದ್ದ. ಕೈಹಿಡಿದವಳ ತಂಗಿಯ ಡಿಗ್ರಿಗೆ ಆತ ಅಷ್ಟು ಹೆದರುತ್ತಿದ್ದ.

ಒಂದು ವರ್ಷ ಮಲಪ್ರಭೆ ಏರಿತು. ಏರುವುದು ಆ ಊರಿಗೆ ಹೊಸದಲ್ಲ. ಗಂಟುಮೂಟೆ ಕಟ್ಟಿ ಎತ್ತರಕ್ಕೆ ಹೋಗುವುದನ್ನು ಅಲ್ಲಿಯ ಸಣ್ಣ ಮಕ್ಕಳೂ ಬಲ್ಲರು. ರಾಜೇಸಾಬ ದಂಡೆಯ ಹೊಲದಲ್ಲಿ ಕಟ್ಟಿದ್ದ ಎತ್ತುಗಳನ್ನು ಬಿಚ್ಚಿ ತರಲು ಹೋದ. ಎತ್ತುಗಳು ತಾವಾಗಿ ನಡೆದು ಮನೆಗೆ ಬಂದವು. ಕೊರಳಲ್ಲಿ ಹಗ್ಗ ಇತ್ತು. ಹಗ್ಗ ಹಿಡಿದವನು ಬರಲಿಲ್ಲ.

ಹೊಳೆ ಇಳಿದಾಗ ದಂಡೆಯುದ್ದಕ್ಕೂ ಏನೇನು ಬಿದ್ದಿರುತ್ತದೆಂದು ನೋಡಿದ್ದೀರಾ? ಬುಡಸಮೇತ ಕಿತ್ತ ಮರ, ಯಾರದೋ ಬಾಗಿಲ ತುಂಡು, ಕೆಸರು ಮೆತ್ತಿದ ಬೇರು, ಎಲ್ಲ ಒಂದರ ಮೇಲೊಂದು ಗುಡ್ಡೆಯಾಗಿ. ಮಂದಿ ಆ ಗುಡ್ಡೆಗಳನ್ನು ಒಲೆಗೆಂದು ಹಂಚಿಕೊಳ್ಳುತ್ತಾರೆ. ಆ ವರ್ಷ ಅಕ್ಕ ಒಂದೊಂದು ಗುಡ್ಡೆಯನ್ನೂ ಕೋಲಿನಿಂದ ಎಬ್ಬಿಸಿ ನೋಡುತ್ತ ನಡೆದಳು. ಗಂಡಸರು ಬೇಡವೆಂದರೂ ಕೇಳಲಿಲ್ಲ. ಕೊನೆಗೆ ಊರಿನ ಕೆಳಗೆ, ಹೊಳೆ ತಿರುಗುವ ಕಡೆ, ಬುಡ ಮೇಲಾಗಿ ಬಿದ್ದ ಒಂದು ಕರಿಜಾಲಿ ಮರದಲ್ಲಿ ರಾಜೇಸಾಬ ಸಿಕ್ಕ. ಬೇರಿನ ಒಂದು ಕವಲಿಗೆ ಆತನ ಅಂಗಿ ಸಿಕ್ಕಿಕೊಂಡಿತ್ತು. ಅದೊಂದು ಹಿಡಿದಿರದಿದ್ದರೆ ಕೃಷ್ಣೆಗೆ ಹೋಗುತ್ತಿದ್ದ, ಗೋರಿಯೂ ಇರುತ್ತಿರಲಿಲ್ಲ. ಎತ್ತರದ ಕಬರಸ್ತಾನದಲ್ಲಿ ಮಣ್ಣು ಕೊಟ್ಟೆವು.

ಹೆಣ ಹಿಡಿದ ಕಟ್ಟಿಗೆಯನ್ನು ಆ ಊರಲ್ಲಿ ಯಾರೂ ಒಲೆಗೆ ಹಾಕುವುದಿಲ್ಲ. ಮೊಹರಮ್ಮಿನ ಅಲಾಯಿ ಕುಣಿಯ ಬೆಂಕಿಗೆ ಹಾಕೋಣವೆಂದು ಹಿರಿಯರು ಮರವನ್ನು ಕಡಿಸಿದರು. ಅಕ್ಕ ಹೋಗಿ, ಆ ಕವಲಿರುವ ಬೇರಿನ ತುಂಡನ್ನಷ್ಟೇ ಕೇಳಿ ತಂದಳು. ದುಃಖದಲ್ಲಿದ್ದವಳನ್ನು ತಡೆಯುವವರಾರು? ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿಕೊಂಡಳು. ಎರಿಮಣ್ಣಿನ ನೆಲದಲ್ಲಿ ಗೆದ್ದಲು ತೊಲೆಯನ್ನೂ ಬಿಡುವುದಿಲ್ಲ, ಬೇರನ್ನು ಬಿಟ್ಟೀತೇ? ನಮ್ಮ ಕಡೆ ಎಲ್ಲರೂ ಬಂಡಿಗೆ, ಬಾಗಿಲಿಗೆ ಮಾಡುವುದನ್ನೇ ಆಕೆಯೂ ಮಾಡಿದಳು. ಪ್ರತಿ ವರ್ಷ ಮಳೆಗೆ ಮೊದಲು ಟ್ರ್ಯಾಕ್ಟರಿನ ಸುಟ್ಟ ಆಯಿಲನ್ನು ತರಿಸಿ, ಅರಿವೆಯಿಂದ ತಿಕ್ಕಿ ತಿಕ್ಕಿ ಬೇರಿಗೆ ಕುಡಿಸಿದಳು. ಹೀಗೆ ಎಷ್ಟೋ ವರ್ಷ.

ಆಮೇಲೆ ಊರಿನ ಬಹಳ ಮನೆಗಳು ಎತ್ತರದ ಜಾಗಕ್ಕೆ ಸರಿದವು. ಅಕ್ಕನ ಹಳೇ ಮನೆ, ಕೊಟ್ಟಿಗೆ ಬಿದ್ದವು. ಹೊಸ ಮನೆಗೆ ಎರಡು ಕೋಣೆ, ಒಳಗೆ ಸೊಸೆಯ ಹಸಿ ಬಾಣಂತನ. ಬೇರು ಹೊಸ್ತಿಲು ದಾಟುವುದು ಬೇಡವೆಂದು ಸೊಸೆ ಅಂದಳಂತೆ. ಒಂದು ಮಧ್ಯಾಹ್ನ ಅಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದಳು, ಕೌದಿಯಲ್ಲಿ ಸುತ್ತಿದ್ದ ಗಂಟನ್ನು ಬಗಲಲ್ಲಿ ಇಟ್ಟುಕೊಂಡು.

“ಅಕೀದೇನೂ ತಪ್ಪಿಲ್ಲ,” ಎಂದಳು ನಾನು ಕೇಳುವ ಮೊದಲೇ. “ಕೂಸಿರೋ ಮನಿ.”

“ಮತ್ತ ಇಲ್ಲಿ ಎಲ್ಲಿಡ್ತೀಯಕ್ಕ?”

ತೊಟ್ಟಿಯ ಕಡೆ ಗದ್ದ ಎತ್ತಿ ತೋರಿಸಿದಳು. “ನೀನ ಹೇಳಿದ್ದೆಯಲ್ಲ, ಮೀನಿಗೆ ಅಡಗಾಕ ಬೇರು-ಗೀರು ಇದ್ರ ಚಲೋ ಅಂತ.”

ಹೌದು, ಹೇಳಿದ್ದೆ.

“ಹೊಳಿಗಂತೂ ಹೊಳ್ಳಿ ಕೊಡೂದಿಲ್ಲ ನಾ,” ಎಂದಳು. “ಅದು ನನ್ನ ಕಡಿಂದ ತಗೊಂಡದ್ದು ಸಾಕು. ಸುಡೂದೂ ಇಲ್ಲ. ನೀರಾಗ ಇದ್ದದ್ದು, ಚಂದ ನೀರಾಗ ಇರ್ಲಿ.” ಸ್ವಲ್ಪ ಹೊತ್ತು ಮೀನುಗಳನ್ನು ನೋಡಿದಳು. “ಈ ನೀರ ಏರೂದಿಲ್ಲಲ್ಲ?”

“ಇಲ್ಲಕ್ಕ. ನಾ ಹಾಕಿದಷ್ಟ ಇರತೈತಿ.”

“ಹಾಂ. ಅಷ್ಟ ಬೇಕಾಗೇತಿ.”

ಇಷ್ಟು ವರ್ಷ ಆಕೆ ನನ್ನನ್ನು ಏನನ್ನೂ ಕೇಳಿರಲಿಲ್ಲ. ಈಗ ಕೇಳಿದ್ದು ಗಾಜಿನೊಳಗೆ ಒಂದಿಷ್ಟು ಜಾಗ.

ಕೌದಿ ಬಿಚ್ಚಿದೆ. ಬೇರು ಕಾಡಿಗೆಯಂತೆ ಕಪ್ಪಾಗಿತ್ತು. ನಾನು ಮೂಸಿ ನೋಡುವ ಅಗತ್ಯವೇ ಇರಲಿಲ್ಲ, ಪಡಸಾಲೆಯೆಲ್ಲ ಗ್ಯಾರೇಜಿನ ವಾಸನೆ. ಇಂಥದ್ದನ್ನು ತೊಟ್ಟಿಗೆ ಹಾಕಿದರೆ ಬೆಳಗಾಗುವುದರೊಳಗೆ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ಅಷ್ಟು ವಿಜ್ಞಾನ ನನಗೆ ಗೊತ್ತಿತ್ತು. ಅಕ್ಕನ ಮುಖ ನೋಡಿ, “ಮೊದಲ ತೊಳದ ನೋಡೂಣ,” ಎಂದೆ.

ಹಿತ್ತಿಲಿನ ದೊಡ್ಡ ಹಂಡೆಯಲ್ಲಿ ಕುದಿಸಿದೆವು. ಸೋಪಿನ ಪುಡಿ ಹಾಕೋಣವೆಂದಳು. ಸೋಪು ಇನ್ನೊಂದು ವಿಷ ಎಂದೆ. “ನಿಮ್ಮ ಮೀನ ನಮ್ಮ ದೊಡ್ಡಗೌಡನ ಮನಿ ಸೊಸಿಗಿಂತಾ ನಾಜೂಕ ಅದಾವ ಬಿಡ,” ಎಂದಳು. ಕುದಿಸಿದ ಮೇಲೆ ಸಿಮೆಂಟಿನ ತೊಟ್ಟಿಯಲ್ಲಿ ನೆನೆಹಾಕಿ ಮೇಲೆ ಕಲ್ಲು ಹೇರಿದೆ. ಮರುದಿನ ನೀರು ಕೆಂಪಾಗಿತ್ತು. ಜಾಲಿಯ ಬಣ್ಣ ಅದು, ಮೀನಿಗೆ ಅದರಿಂದ ಕೇಡಿಲ್ಲ. ಹೇಳಲೆಂದು ತಿರುಗಿದರೆ ಅಕ್ಕ ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಿದ್ದಳು, ಚೌಕಟ್ಟು ಹಿಡಿದುಕೊಂಡು.

“ಹೊಸಾ ನೀರ ಬಂದಂಗ ಬಂದೈತಲ್ಲ,” ಎಂದಳು. ಹೊಳೆಗೆ ಮೊದಲ ಕೆಂಪು ನೀರು ಬಂದಾಗ ಆ ಊರಿನವರು ಅನ್ನುವ ಮಾತು. ನಾನು ಆ ನೀರನ್ನೆಲ್ಲ ಚೆಲ್ಲಿ, ನೆಲ ಒಣಗಿದ ಮೇಲೆಯೇ ಆಕೆ ಹಿತ್ತಿಲಿಗೆ ಕಾಲಿಟ್ಟಳು. ಅಂದಿನಿಂದ ಆಕೆ ಏಳುವುದರೊಳಗೆ ನೀರು ಬದಲಿಸುವುದು ನನ್ನ ಕೆಲಸವಾಯಿತು.

ಕೆಂಪು ಬಿಡುತ್ತ ಬಂತು. ಆದರೆ ನೀರಿನ ಮೇಲೆ ದಿನಾಲೂ ಒಂದು ತೆಳ್ಳನೆಯ ಪೊರೆ ತೇಲುತ್ತಿತ್ತು, ಬಿಸಿಲಿಗೆ ಕಾಮನಬಿಲ್ಲಿನ ಬಣ್ಣ ಹೊಡೆಯುತ್ತ. ಎಣ್ಣೆ. ತೆಗೆದಷ್ಟೂ ಬರುತ್ತಿತ್ತು. ಎಷ್ಟೋ ಮಳೆಗಾಲದ ಮೊದಲು ತಿಕ್ಕಿದ ಎಣ್ಣೆ ಬಿರುಕು ಬಿರುಕಿಗೆ ಇಳಿದು ಕೂತಿತ್ತು. ಅಕ್ಕ ದಿನಾ ಸಂಜೆ ಕೇಳುವಳು: “ಬಿಡ್ತೇನು?” ನಾನು, “ಬಿಡಾಕತ್ತೈತಿ,” ಎನ್ನುವೆನು.

ಒಂದು ಸಂಜೆ ಆಕೆಯೇ ಬಗ್ಗಿ ಬೆರಳು ಆಡಿಸಿ ಪೊರೆಯನ್ನು ನೋಡಿದಳು. “ಸುಳ್ಳ ಹೇಳಾಕ ನಿನಗ ಯಾವ ಕಾಲೇಜಿನ್ಯಾಗೂ ಕಲಿಸಿಲ್ಲ. ಖರೇ ಹೇಳು, ಇದು ನಡಿಯೂದಿಲ್ಲ ಹೌದಲ್ಲೋ?”

“ನಡಿಯೂದಿಲ್ಲಕ್ಕ.”

“ನಾ ಹಚ್ಚಿದ್ದ ಎಣ್ಣೀಲೆನ?”

ನಾನು ಪೊರೆಯನ್ನು ಅರಿವೆಯಿಂದ ಬಳಿದು ತೆಗೆದೆ. “ಹಾಳಾಗಬಾರದಂತ ಹಚ್ಚಿದ್ನಲ್ಲ,” ಎಂದು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಆಗ ನಾನೊಂದು ದಾರಿ ಹೇಳಿದೆ. ಮೇಲಿನ ಪದರವನ್ನೆಲ್ಲ ರಂದಾ ಹೊಡೆದು ತೆಗೆಸಿದರೆ ಒಳಗೆ ಎಣ್ಣೆ ಮುಟ್ಟದ ಕಟ್ಟಿಗೆ ಸಿಕ್ಕೀತು. ಗಜೇಂದ್ರಗಡದಲ್ಲಿ ಒಬ್ಬ ಬಡಿಗ ಇದ್ದಾನೆ, ಶಾಲೆಯ ಬೆಂಚು ಮಾಡಿದವನು. ಅಕ್ಕನ ಮುಖ ಅರಳಿತು. ಮರುದಿನವೇ ಹೊರಟೆವು. ಬಸ್ಸಿನಲ್ಲಿ ಕೌದಿಯ ಗಂಟನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಕಂಡಕ್ಟರ್ ಬಗ್ಗಿ ನೋಡಿದ. “ಏನಬೇ ಅದು, ಕೂಸೇನ? ಟಿಕೀಟ ತಗೀಬೇಕಾಕ್ಕೈತಿ ನೋಡು.”

“ಕೂಸಲ್ಲೋ ಯಪ್ಪಾ, ಹಿರ್ಯಾರು,” ಎಂದಳು ಅಕ್ಕ. “ಅವರದು ಟಿಕೀಟ ಮುಗದೈತಿ.”

ಕಂಡಕ್ಟರ್ ನಕ್ಕು ಮುಂದೆ ಹೋದ. ಅಕ್ಕನೂ ನಕ್ಕಳು. ನನಗೆ ಕಿಟಕಿಯ ಹೊರಗೆ ನೋಡುವುದೇ ಸುಲಭವಾಯಿತು.

ಬಡಿಗ ಮೌನೇಶಪ್ಪ ಬೇರನ್ನು ತಿರುಗಿಸಿ, ಬೆರಳಿನ ಗೆಣ್ಣಿನಿಂದ ಬಡಿದು ನೋಡಿದ. “ಕರಿಜಾಲಿ. ಗಟ್ಟಿ ಮಾಲ್ರಿ ಟೀಚರ್ರ. ಎದಕ್ಕ ಬೇಕಾಗಿತ್ತು?”

“ಮೀನಿಗ್ರಿ.”

“ಮೀನಿಗೆ? ಮೀನ ಕಟ್ಟಿಗಿ ತಿಂತಾವೇನ್ರಿ?”

“ತಿನ್ನೂದಿಲ್ಲಪಾ,” ಎಂದಳು ಅಕ್ಕ. “ಆಸರಕ್ಕ.”

ಆತ ಬೇರನ್ನು ಕಾಲಿನಿಂದ ಒತ್ತಿ ಹಿಡಿದು, ದಪ್ಪ ತುದಿಯಲ್ಲಿ ಒಮ್ಮೆ ರಂದಾ ಎಳೆದ. ಕರಿಯ ಸುರುಳಿಯೊಂದು ಎದ್ದು ಕೆಳಗೆ ಬಿತ್ತು. ಅದರ ಅಡಿಯಲ್ಲಿ ಕೆಂಪು ಬಣ್ಣದ ಕಟ್ಟಿಗೆ ಹೊಳೆಯಿತು. ನನ್ನ ಜೀವಕ್ಕೆ ಎಷ್ಟು ಸಮಾಧಾನವಾಯಿತೆಂದರೆ! “ಇನ್ನೊಂದೀಟ ಆಳ ತಗದ್ರ ಎಣ್ಣಿ ಪೂರಾ ಹೋಕ್ಕೈತ್ರಿ,” ಎಂದ ಮೌನೇಶಪ್ಪ. “ಈ ಕವಲ ಒಳಗ ರಂದಾ ಹೋಗೂದಿಲ್ಲ. ಉಳೀಲೆ ಕೆತ್ತಬೇಕು.” ಉಳಿ ತೆಗೆದುಕೊಂಡು ಕವಲಿನ ಸಂದಿಗೆ ಹಿಡಿದ.

“ನಿಂದರ್ರಿ,” ಎಂದಳು ಅಕ್ಕ.

ಆತ ಕೈ ತಡೆದ. ಅಕ್ಕ ಕುಕ್ಕರುಗಾಲಲ್ಲಿ ಕುಳಿತು ಆ ಸಂದಿಯಲ್ಲಿ ಬೆರಳಿಟ್ಟಳು. “ಇಲ್ಲೇ ಅಂಗಿ ಸಿಕ್ಕಿತ್ತು,” ಎಂದಳು. “ಇದರ ಮ್ಯಾಲಿನ ತೊಗಲ ತಗದ್ರ ಏನ ಉಳೀತೈತಿ?”

“ಕಟ್ಟಿಗಿ ಉಳೀತೈತ್ಯಕ್ಕ. ಮೀನಿಗೆ ಏನೂ ಆಗೂದಿಲ್ಲ.”

“ಮೀನಿಗೆ ಏನೂ ಆಗೂದಿಲ್ಲ, ಖರೇ. ಬರೇ ಕಟ್ಟಿಗಿ ಬೇಕಾದ್ರ ನಿನಗ ಹೊಳಿದಂಡಿ ತುಂಬ ಸಿಗತೈತ್ಯಲ್ಲವಾ. ಇದ್ಯಾಕ ಬೇಕು?”

ಮೌನೇಶಪ್ಪ ನನ್ನ ಮುಖ ನೋಡಿದ. ನಾನು ಎರಡು ಮಾತಿನಲ್ಲಿ ಸಂಗತಿ ಹೇಳಿದೆ. ಆತ ಉಳಿಯನ್ನು ಪಕ್ಕಕ್ಕಿಟ್ಟು, ಬೇರಿನ ಮೇಲಿನ ಹೊಟ್ಟನ್ನು ಬಾಯಿಂದ ಊದಿ, ತನ್ನ ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ. “ಹಂಗ ಒಯ್ಯವಾ,” ಎಂದ. ಆಮೇಲೆ ಏನು ಅನ್ನಿಸಿತೋ, ನೆಲದ ಮೇಲಿನ ಸುರುಳಿಯನ್ನೂ ಹೆಕ್ಕಿ ಅಕ್ಕನ ಕೈಗೆ ಕೊಟ್ಟ. ಅಕ್ಕ ಅದನ್ನು ಸೆರಗಿನ ಚುಂಗಿಗೆ ಕಟ್ಟಿಕೊಂಡಳು.

ಮನೆಗೆ ಬಂದು ನಾನು ಒಲೆಯ ಮೇಲೆ ಚಹಾ ಇಡುವಷ್ಟರಲ್ಲಿ ಪಡಸಾಲೆಯಲ್ಲಿ ಏನೋ ಸರಿದ ಸದ್ದು. ಹೋಗಿ ನೋಡಿದರೆ, ಅಕ್ಕ ತೊಟ್ಟಿಯ ಹಿಂದೆ, ಗೋಡೆಗೂ ಗಾಜಿಗೂ ನಡುವೆ ಬೇರನ್ನು ನಿಲ್ಲಿಸುತ್ತಿದ್ದಳು. ಕವಲು ಮೇಲೆ ಬರುವಂತೆ ತಿರುಗಿಸಿ, ಕೆಳಗೆ ಒಂದು ಚಪ್ಪಟೆ ಕಲ್ಲು ಕೊಟ್ಟು, ಈಚೆ ಬಂದು ನೆಲದ ಮೇಲೆ ಕೂತಳು.

“ಇಲ್ಲಿಂದ ನೋಡ ಬಾ ಶಾಣ್ಯಾಕಿ.”

ಪಕ್ಕದಲ್ಲಿ ಕುಳಿತು ನೋಡಿದೆ. ಆ ಬೇರು ನೀರಿನಲ್ಲೇ ಇತ್ತು. ಗಾಜಿನ ಆಚೆ ಒಣಗಿ ನಿಂತದ್ದು, ಈಚೆಯಿಂದ ನೋಡಿದರೆ ತಳದ ಮರಳಿನಿಂದ ಎದ್ದ ಹಾಗೆ, ನೀರು ಅಲುಗಿದಾಗ ತಾನೂ ಅಲುಗುತ್ತಿತ್ತು. ಮೀನುಗಳಿಗೆ ಏನು ಕಂಡಿತೋ, ಒಂದೊಂದಾಗಿ ಹಿಂದಿನ ಗಾಜಿನ ಹತ್ತಿರ ಹೋಗಿ ಅದರ ನೆರಳಲ್ಲಿ ನಿಂತವು. ಅಕ್ಕ ಬಹಳ ಹೊತ್ತು ನೋಡಿದಳು. ಚಹಾ ಕುದಿದು ಚೆಲ್ಲಿ ಒಲೆ ಆರಿತು.

ಬೇರಿನ ನೆಪದಲ್ಲಿ ನಾಲ್ಕು ದಿನಕ್ಕೆಂದು ಬಂದವಳು ಹಾಗೇ ನನ್ನ ಹತ್ತಿರ ಉಳಿದಳು. ಮಗ ಬಂದು ಕರೆದ. ಹಬ್ಬಕ್ಕಷ್ಟೇ ಹೋಗಿ ಬರುತ್ತಿದ್ದಳು. ಮೀನಿಗೆ ಕಾಳು ಹಾಕುವುದು ಆಕೆಯದೇ ಕೆಲಸವಾಯಿತು. ಮಳೆಗಾಲ ಬರುವ ಮುಂಚೆ ಬೇರನ್ನು ಹಿತ್ತಿಲಿಗೆ ಒಯ್ದು, ನನಗೆ ಬೆನ್ನು ಮಾಡಿ ಕೂತು ಅದಕ್ಕೆ ಎಣ್ಣೆ ತಿಕ್ಕಿ, ಒಣಗಿಸಿ ತಂದಿಡುತ್ತಿದ್ದಳು. ವಾಸನೆಗೆ ನನಗೆ ತಲೆನೋವು ಬರುತ್ತಿತ್ತು. ಗೊಣಗುತ್ತಿದ್ದೆ. “ಒಳಗ ಹಾಕಿಲ್ಲಲ್ಲವಾ, ಹಿಂದ ಐತಿ, ನಿನ್ನ ಮೀನೇನ ಸಾಯೂದಿಲ್ಲ,” ಎನ್ನುತ್ತಿದ್ದಳು. ಅದೂ ನಿಜವೇ.

ಹೋದ ವರ್ಷ ಹಿಂಗಾರಿನ ಹೊತ್ತಿಗೆ ಅಕ್ಕ ತೀರಿಕೊಂಡಳು. ಜ್ವರ ಒಂದು ನೆಪ. ದವಾಖಾನೆಯಿಂದ ನೇರ ಹೊಳೆಮಣ್ಣೂರಿಗೆ ಒಯ್ದು, ಎತ್ತರದ ಕಬರಸ್ತಾನದಲ್ಲಿ ರಾಜೇಸಾಬನ ಪಕ್ಕದಲ್ಲಿ ಮಣ್ಣು ಕೊಟ್ಟೆವು. ಬೇರಿನ ವಿಷಯ ಆಕೆ ನನಗೆ ಏನೂ ಹೇಳಿ ಹೋಗಲಿಲ್ಲ. ಅಕ್ಕನ ಮಗ ಒಮ್ಮೆ, “ಚಿಗವ್ವ, ಅದನ್ನ ಏನ ಮಾಡೂದು?” ಎಂದು ಕೇಳಿದ. “ಇರ್ಲಿ ಬಿಡೋ,” ಎಂದಿದ್ದೆ. ಅದಕ್ಕಿಂತ ಹೆಚ್ಚು ನಾನೂ ಯೋಚಿಸಿರಲಿಲ್ಲ.

ಇವತ್ತು ಶೈಲಾಳ ಮನೆಯಿಂದ ಬಂದವಳು ತೊಟ್ಟಿಯ ಮುಂದೆ ಕುಳಿತೆ. ಗೋಡೆಯ ಮೇಲೆ ನೆಲದಿಂದ ಎದ್ದ ಒಂದು ಮಣ್ಣಿನ ಗೆರೆ ಕಂಡಿತು. ಗೆದ್ದಲು. ಬೇರಿನ ಕಾಲಿಗೆ ಇನ್ನು ನಾಲ್ಕು ಬೆರಳು ದೂರ. ಹೊರಗೆ ಮೋಡ ಕಟ್ಟಿತ್ತು. ಎಣ್ಣೆ ಹಚ್ಚುವ ದಿನಗಳು ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ಎಂದೂ ಅದು ನನ್ನ ಕೆಲಸವಾಗಿರಲಿಲ್ಲವಲ್ಲ.

ಗೆರೆಯನ್ನು ಕೆರೆದು ಹಾಕಿ, ಡಬ್ಬಿಯೊಂದನ್ನು ಹಿಡಿದು ಟ್ರ್ಯಾಕ್ಟರ್ ಗ್ಯಾರೇಜಿಗೆ ಹೋದೆ. ಅಲ್ಲಿಯ ಮಿಸ್ತ್ರಿ ನನ್ನ ಹಳೇ ವಿದ್ಯಾರ್ಥಿ. ಎದ್ದು ನಿಂತ. “ಸುಟ್ಟ ಆಯಿಲ್ ನಿಮಗ್ಯಾಕ ಬೇಕ್ರಿ ಟೀಚರ್ರ? ಬಾಗಲಿಗೇನ್ರಿ, ತೊಲಿಗೇನ್ರಿ?”

“ಮನಿ ಕಟ್ಟಿಗಿಗೆಪಾ. ಒರಲಿ ಹತ್ತೈತಿ.”

“ಈಗ ಚಲೋ ಚಲೋ ಔಷಧ ಬಂದಾವಲ್ರಿ. ಇದು ಭಾಳ ಹೊಲಸ ವಾಸನಿ, ನಿಮಗ ಆಗೂದಿಲ್ಲ.”

“ಇದ ಬೇಕು,” ಎಂದೆ. “ಅದಕ್ಕ ಇದ ರೂಢಿ.”

ಆತ ಡಬ್ಬಿ ತುಂಬಿ ಕೊಟ್ಟ. ತೊಟ್ಟಿಯ ಮೇಲೆ ಎರಡು ಮಡಿಕೆಯ ಅರಿವೆ ಮುಚ್ಚಿ, ಬೇರನ್ನು ಎತ್ತಿಕೊಂಡು ಹಿತ್ತಿಲಿಗೆ ಬಂದೆ. ಅಕ್ಕ ಕೂರುತ್ತಿದ್ದ ಹಾಗೆ ಬಾಗಿಲಿಗೆ ಬೆನ್ನು ಮಾಡಿಯೇ ಕೂತೆ, ಆಕೆ ಮುಖ ಮರೆಮಾಡುತ್ತಿದ್ದುದು ಯಾಕೆಂದು ಆಗ ಗೊತ್ತಾಯಿತು. ಅರಿವೆಯನ್ನು ಅದ್ದಿ ತುದಿಯಿಂದ ತಿಕ್ಕುತ್ತ ಬಂದೆ. ಮೌನೇಶಪ್ಪ ರಂದಾ ಎಳೆದ ಕಡೆ ಮೊದಲು, ಆಮೇಲೆ ಮೈಯೆಲ್ಲ. ಕವಲಿನ ಸಂದಿಗೆ ಅರಿವೆ ಹೋಗಲಿಲ್ಲ. ಮಡಚಿ ನೋಡಿದೆ, ಕಡ್ಡಿಗೆ ಸುತ್ತಿ ನೋಡಿದೆ, ಹೋಗಲಿಲ್ಲ. ಕೊನೆಗೆ ಬೆರಳನ್ನೇ ಎಣ್ಣೆಗೆ ಅದ್ದಿ ಒಳಗೆ ಹಾಕಿದೆ.